ಅರಿಶಿನದ ಕಲೆ ಕೆಂಪಾದಾಗ

ಮದುವೆ ಮುಗಿದ ಮರುದಿನ ಕಲ್ಯಾಣ ಮಂಟಪಕ್ಕೆ ಬೇರೆಯೇ ಒಂದು ಮುಖ. ಬಾಗಿಲ ಬಾಳೆಕಂದು ಬಾಡಿ ಬಾಗಿರುತ್ತದೆ. ಹಿತ್ತಲಲ್ಲಿ ಕೊಪ್ಪರಿಗೆ ಉಜ್ಜುವ ಸದ್ದು. ಗುಂಡ್ಲುಪೇಟೆಯ ಅಂಥದೊಂದು ಮಂಟಪದ ಅಂಗಳದಲ್ಲಿ ಗೂಡ್ಸ್ ಗಾಡಿಯೊಂದು ನಿಂತಿತ್ತು. ಗಾಡಿಯ ಮೇಲೆ ಐನೂರು ಲೀಟರಿನ ಪ್ಲಾಸ್ಟಿಕ್ ಟ್ಯಾಂಕು, ಪಕ್ಕದಲ್ಲಿ ಪಂಪು, ಸುರುಳಿ ಸುತ್ತಿದ ಪೈಪು, ನೀರು ಹೀರುವ ಒಂದು ದೊಡ್ಡ ವ್ಯಾಕ್ಯೂಮ್. ಧಾರೆಯ ವೇದಿಕೆ ಮೇಲೆ ಹಾಸಿದ್ದ ಕೆನೆಬಣ್ಣದ ಕಾರ್ಪೆಟ್ಟನ್ನು ಅಂಗಳಕ್ಕೆ ಎಳೆದು ತಂದು ಇಬ್ಬರು ಹುಡುಗರು ತೊಳೆಯುತ್ತಿದ್ದರು.

ಅಂಚಿನಲ್ಲಿ ಅಂಗೈಯಗಲ ಅರಿಶಿನದ ಕಲೆ. ಒಬ್ಬ ಹುಡುಗ ಕ್ಯಾನಿನಿಂದ ಕೆಮಿಕಲ್ಲನ್ನು ನೇರವಾಗಿ ಅದರ ಮೇಲೆ ಸುರಿದ. ನೋಡನೋಡುತ್ತಲೇ ಹಳದಿ ಕಲೆ ಕಡುಕೆಂಪಾಯಿತು. ಹುಡುಗ ಬೆಚ್ಚಿದ. "ಇದೇನ್ ಸಾ, ರಕ್ತ ಆದಂಗಾಯ್ತಲ್ಲ!" ಗಾಡಿಯ ಮಾಲೀಕರು ಅಲ್ಲಿಂದಲೇ ಕೂಗಿದರು: "ಇನ್ನೊಂದ್ ಲೀಟ್ರು ಹುಯ್ಯಪ್ಪ, ಬುಟ್ಕತದ." ಇನ್ನೊಂದು ಲೀಟರ್ ಬಿತ್ತು. ಕಲೆ ಬಿಡಲಿಲ್ಲ, ಇನ್ನಷ್ಟು ಕೆಂಪಾಯಿತು.

ಆ ಹುಡುಗನ ಮನೆಯಲ್ಲೂ ಶುಭಕಾರ್ಯಕ್ಕೆ ಆರತಿ ಎತ್ತುತ್ತಾರೆ. ತಟ್ಟೆಯ ನೀರಿಗೆ ಅರಿಶಿನ ಹಾಕಿ ಚಿಟಿಕೆ ಸುಣ್ಣ ಬೆರೆಸಿದರೆ ಕೆಂಪು ಓಕುಳಿಯಾಗುವುದನ್ನು ಅವನು ಚಿಕ್ಕಂದಿನಿಂದ ನೋಡಿದ್ದಾನೆ. ಕಾರ್ಪೆಟ್ಟಿನ ಮೇಲೆ ನಡೆದದ್ದೂ ಅದೇ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಹುಳಿ ತಾಗಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಕ್ಯಾನಿನಲ್ಲಿ ಇದ್ದದ್ದು ಕ್ಷಾರ. ಕ್ಷಾರ ಎಷ್ಟು ಹೆಚ್ಚಾಗಿ ಬಿದ್ದಿದೆ ಎಂಬುದನ್ನು ಅರಿಶಿನ ಬಣ್ಣ ಬದಲಿಸಿ ಹೇಳುತ್ತಿತ್ತು. ಅದನ್ನು ಅಲ್ಲಿ ಯಾರೂ ಓದಲಿಲ್ಲ.

ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಈಗ ಮಂಟಪಗಳು ಹೆಚ್ಚಿವೆ, ಬಂಡೀಪುರದ ದಾರಿಯಲ್ಲಿ ರೆಸಾರ್ಟುಗಳಿವೆ, ರಾಷ್ಟ್ರೀಯ ಹೆದ್ದಾರಿ 766ರ ಬದಿಯಲ್ಲಿ ವಾಟರ್ ವಾಶ್ ಅಂಗಡಿಗಳಿವೆ. ಕಾರ್ಪೆಟ್ಟು, ಸೋಫಾ, ಟೆಂಪೊ ಸೀಟು ತೊಳೆಯುವುದು ನಾಲ್ಕು ಮನೆಗೆ ಅನ್ನ ಕೊಡುವ ಕೆಲಸ. ಅದರಲ್ಲಿ ಕೆಮಿಕಲ್ ಬೆರೆಸುವುದೇ ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ಅದನ್ನೇ ನಾವು ಯಾರಿಗೂ ಕಲಿಸುವುದಿಲ್ಲ. ಯಾವ ಕೆಮಿಕಲ್ ಎಂದು ಎಲ್ಲರೂ ಕೇಳುತ್ತಾರೆ. ಎಲ್ಲಿ ಬೆರೆಸಬೇಕು, ಎಷ್ಟು ಬೆರೆಸಬೇಕು, ಕೊನೆಗೆ ಅದನ್ನು ಹೇಗೆ ತೆಗೆಯಬೇಕು ಎಂದು ಕೇಳುವವರು ಕಡಿಮೆ. ಬಟ್ಟೆಯ ಗತಿಯನ್ನೂ ಯಂತ್ರದ ಆಯುಸ್ಸನ್ನೂ ತೊಳೆಯುವವರ ಆರೋಗ್ಯವನ್ನೂ ನಿರ್ಧರಿಸುವುದು ಈ ಮೂರು ಪ್ರಶ್ನೆಗಳು.

ಗಾಡಿಯ ಮೇಲೆ ಕೂರಿಸಿದ ಕಾರ್ಪೆಟ್ ಯಂತ್ರ 1970ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಅಲ್ಲಿ ಎಷ್ಟೋ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ನೆಲಕ್ಕೆ ಕಾರ್ಪೆಟ್ ಬಿಗಿದಿರುತ್ತಾರೆ. ಅದನ್ನು ಕಿತ್ತು ಅಂಗಳಕ್ಕೆ ತರಲಾಗದು, ಹಾಗಾಗಿ ಯಂತ್ರವೇ ಮನೆ ಬಾಗಿಲಿಗೆ ಬರುತ್ತದೆ. ಒಂದೇ ಎಂಜಿನ್ ನೀರಿನ ಪಂಪನ್ನೂ ಗಾಳಿ ಹೀರುವ ಬ್ಲೋವರನ್ನೂ ತಿರುಗಿಸುತ್ತದೆ. ಎಂಜಿನ್ನಿನ ಶಾಖದಲ್ಲೇ ನೀರು ಕಾಯುತ್ತದೆ. ತೆಳು ಪೈಪಿನಲ್ಲಿ ಬಿಸಿನೀರು ಒಳಗೆ ಹೋಗುತ್ತದೆ, ದಪ್ಪ ಪೈಪಿನಲ್ಲಿ ಕೊಳೆನೀರು ಹಿಂದಕ್ಕೆ ಬಂದು ಬೇರೆ ಟ್ಯಾಂಕು ಸೇರುತ್ತದೆ. ನಮ್ಮಲ್ಲಿರುವುದು ಇದರ ಬಡ ತಮ್ಮ. ಆದರೆ ಕೆಲಸದ ತತ್ವ ಎರಡಕ್ಕೂ ಒಂದೇ.

ಆ ತತ್ವ ನಮಗೆ ಹೊಸದೂ ಅಲ್ಲ. ಮಡಿವಾಳರ ಕಸುಬನ್ನು ನೆನೆಸಿಕೊಳ್ಳಿ. ಮೈಲಿಗೆ ಬಟ್ಟೆಯನ್ನು ಚೌಳುಮಣ್ಣಿನ ನೀರಿನಲ್ಲೋ ಸೋಡಾದಲ್ಲೋ ಅದ್ದಿ ಒಂದಷ್ಟು ಹೊತ್ತು ಬಿಡುವುದು, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸುವುದು, ಬಂಡೆಗೆ ಒಗೆಯುವುದು, ಹರಿಯುವ ನೀರಿನಲ್ಲಿ ಜಾಲಾಡಿಸುವುದು. ಕ್ಷಾರ, ಕಾಲ, ಕಾವು, ಪೆಟ್ಟು: ಈ ನಾಲ್ಕೂ ಅದರಲ್ಲಿವೆ. ಜರ್ಮನಿಯ ಹೆಂಕೆಲ್ ಕಂಪನಿಯ ರಸಾಯನ ತಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲಿ ಇದನ್ನೇ ಒಂದು ವೃತ್ತವಾಗಿ ಬರೆದು ತೋರಿಸಿದರು. ಶುಚಿ ಮಾಡುವ ಕೆಲಸವನ್ನು ಈ ನಾಲ್ಕೂ ಹಂಚಿಕೊಳ್ಳುತ್ತವೆ, ಒಂದನ್ನು ಇಳಿಸಿದರೆ ಇನ್ನೊಂದನ್ನು ಏರಿಸಬೇಕು ಎಂಬುದು ಆ ವೃತ್ತದ ಸಾರ. ಗಾಡಿಯವರು ಜಾಸ್ತಿ ಕೆಮಿಕಲ್ ಸುರಿಯುವುದು ಏಕೆಂದು ಇದರಿಂದ ತಿಳಿಯುತ್ತದೆ. ನೀರು ತಣ್ಣಗಿದೆ, ಮುಂದಿನ ಮಂಟಪಕ್ಕೆ ಅವಸರವಿದೆ, ಬ್ರಷ್ ಹಿಡಿಯಲು ಆಳಿಲ್ಲ. ಮೂರರ ಪಾಲನ್ನೂ ಕೆಮಿಕಲ್ಲಿನ ತಲೆಗೆ ಕಟ್ಟುತ್ತಾರೆ. ಹತ್ತು ನಿಮಿಷ ನೆನೆಯಲು ಬಿಟ್ಟು, ಬ್ರಷ್ಷಿನಿಂದ ಒಮ್ಮೆ ಉಜ್ಜಿ, ಬಿಸಿನೀರು ಹಾಯಿಸಿದರೆ ಅಷ್ಟು ಕೆಮಿಕಲ್ ಬೇಕಾಗದು.

ಕೆಮಿಕಲ್ ಎಲ್ಲಿ ಬೆರೆಸಬೇಕು ಎಂಬುದು ಮೊದಲ ಪ್ರಶ್ನೆ. ನಮ್ಮಲ್ಲಿ ಎಲ್ಲರೂ ಮಾಡುವ ಸುಲಭದ ದಾರಿ, ದೊಡ್ಡ ಟ್ಯಾಂಕಿಗೇ ಸುರಿದುಬಿಡುವುದು. ಇದರಿಂದ ಮೂರು ನಷ್ಟ.

ಒಂದನೆಯದು ನಮ್ಮ ನೀರಿನದು. ಚಾಮರಾಜನಗರ ಕರಿಕಲ್ಲಿನ ನಾಡು. ಬಂಡೆಯ ಸೀಳುಗಳಿಂದ ಎತ್ತುವ ಬೋರ್‌ವೆಲ್ ನೀರು ಎಷ್ಟೋ ಕಡೆ ಗಡಸು. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ ಐಎಸ್ 10500. ಗಡಸು ನೀರೆಂದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿದೆ ಎಂದರ್ಥ. ಬಚ್ಚಲ ಹಂಡೆಯ ಒಳಮೈಗೆ ಬಿಳಿ ಸುಣ್ಣ ಕಟ್ಟುವುದು ಇದರಿಂದಲೇ. ನೀರು ಕಾದಾಗ ಕರಗಿದ್ದ ಬೈಕಾರ್ಬೊನೇಟ್ ಒಡೆದು ಕಲ್ಲಿನಂಥ ಕಾರ್ಬೊನೇಟ್ ಆಗುತ್ತದೆ. ಇಂಥ ನೀರಿಗೆ ಸೋಪು, ಸೋಡಾ ಬೆರೆಸಿ ಪಂಪಿನಲ್ಲೂ ಕಾಯಿಸುವ ಸುರುಳಿಯಲ್ಲೂ ದಿನವಿಡೀ ಹರಿಸಿದರೆ ಜಿಗುಟು ಗಸಿ ಮತ್ತು ಸುಣ್ಣ ಎರಡೂ ಕಟ್ಟುತ್ತವೆ. ನಾಜಲ್ಲಿನ ಸಣ್ಣ ಕಂಡಿ ಮುಚ್ಚುತ್ತದೆ, ಪಂಪಿನ ವಾಷರು ಸವೆದುಹೋಗುತ್ತದೆ. ಪುಡಿ ಕೆಮಿಕಲ್ಲಾದರೆ ಕರಗದ ಕಾಳು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ.

ಎರಡನೆಯ ನಷ್ಟ ಇನ್ನೂ ದೊಡ್ಡದು. ಟ್ಯಾಂಕಿನ ನೀರಿಗೆಲ್ಲ ಕೆಮಿಕಲ್ ಸೇರಿದ ಮೇಲೆ ಜಾಲಾಡಿಸಲು ಗಾಡಿಯಲ್ಲಿ ಒಳ್ಳೆಯ ನೀರೇ ಉಳಿಯುವುದಿಲ್ಲ. ತೊಳೆದದ್ದೂ ಅದೇ ನೀರು, ಜಾಲಾಡಿಸಿದ್ದೂ ಅದೇ ನೀರು.

ಮೂರನೆಯದು ಅಪಾಯ. ಕೆಮಿಕಲ್ ಇರುವ ಟ್ಯಾಂಕಿನೊಳಗೆ ಪೈಪಿನ ತುದಿ ಮುಳುಗಿಸಿ ನೀರು ತುಂಬಿಸುವಾಗ ಕರೆಂಟು ಹೋಯಿತೆಂದುಕೊಳ್ಳಿ. ನೀರು ಹಿಂದಕ್ಕೆ ಎಳೆದುಕೊಂಡು ಹೋಗಿ ನಲ್ಲಿಯ ಸಾಲಿಗೂ ಬೋರ್‌ವೆಲ್ಲಿಗೂ ಸೇರಬಹುದು. ಪೈಪಿನ ತುದಿ ಯಾವಾಗಲೂ ನೀರಿನ ಮಟ್ಟಕ್ಕಿಂತ ಗೇಣು ಮೇಲಿರಬೇಕು. ಕೀಟನಾಶಕದ ಡ್ರಮ್ಮು ತುಂಬಿಸುವ ರೈತರಿಗೂ ಇದೇ ಮಾತು.

ಹಾಗಾದರೆ ಎಲ್ಲಿ ಬೆರೆಸಬೇಕು? ಪಂಪು, ಹೀಟರು ಎರಡನ್ನೂ ದಾಟಿದ ಮೇಲೆ, ನೀರು ಹೊರಗೆ ಹೊರಡುವ ಹೊತ್ತಿನಲ್ಲಿ. ದೊಡ್ಡ ಯಂತ್ರಗಳಲ್ಲಿ ಇದಕ್ಕೆಂದೇ ಒಂದು ಪುಟ್ಟ ಪಂಪು, ಒಂದು ಕ್ಯಾನು, ಗಂಟೆಗೆ ಎಷ್ಟು ಹೋಗುತ್ತಿದೆ ಎಂದು ತೋರಿಸುವ ಗಾಜಿನ ಅಳತೆ ಇರುತ್ತವೆ. ಕೆಮಿಕಲ್ ಹಿಂದಕ್ಕೆ ನುಗ್ಗದಂತೆ ನಡುವೆ ಒಂದು ವಾಲ್ವು. ಗುಬುಟು ತಿರುಗಿಸಿ ನಿಲ್ಲಿಸಿದರೆ ಮರುಕ್ಷಣದಿಂದ ಬರಿಯ ನೀರು. ನಮ್ಮ ಸಣ್ಣ ಗಾಡಿಗಳಿಗೆ ಅಷ್ಟು ಬೇಡ. ವಾಟರ್ ವಾಶ್ ಅಂಗಡಿಯ ಫೋಮ್ ಗನ್ ಸಾಕು. ಅದರ ಕತ್ತಿನಲ್ಲಿ ದಾರಿ ಕಿರಿದಾಗುತ್ತದೆ, ಅಲ್ಲಿ ನೀರಿನ ವೇಗ ಏರಿ ಒತ್ತಡ ಇಳಿಯುತ್ತದೆ, ಆ ಸೆಳೆತಕ್ಕೆ ಬಾಟಲಿಯ ಕೆಮಿಕಲ್ ತಾನಾಗಿ ಮೇಲೆದ್ದು ನೀರಿಗೆ ಸೇರುತ್ತದೆ. ಇಟಲಿಯ ವೆಂಚುರಿ ಎಂಬ ವಿಜ್ಞಾನಿ 1797ರಲ್ಲೇ ವಿವರಿಸಿದ ತತ್ವವಿದು. ಹನಿ ನೀರಾವರಿಗೆ ಗೊಬ್ಬರ ಕೊಡಲು ನಮ್ಮ ಬಾಳೆ, ಅರಿಶಿನದ ರೈತರು ತೋಟದಲ್ಲಿ ಕೂರಿಸಿರುವ ವೆಂಚುರಿಯೂ ಇದೇ. ಗೊತ್ತಿರುವ ವಿದ್ಯೆಯನ್ನು ಗಾಡಿಗೆ ತರುವುದಷ್ಟೇ ಬಾಕಿ.

ಅದೂ ಇಲ್ಲದವರು ಔಷಧಿ ಹೊಡೆಯುವ ಕೈಪಂಪಿನಂಥದೇ ಹೊಸದೊಂದನ್ನು ಕೊಂಡು, ಕೆಮಿಕಲ್ಲನ್ನು ಅದರಲ್ಲೇ ಬೆರೆಸಿ ಮೊದಲು ಸಿಂಪಡಿಸಲಿ. ಗಾಡಿಯ ದೊಡ್ಡ ಟ್ಯಾಂಕು ಒಳ್ಳೆಯ ನೀರಿಗೇ ಮೀಸಲಾಗಿರಲಿ. ಹೊಸದು ಎಂದು ಒತ್ತಿ ಹೇಳುತ್ತಿದ್ದೇನೆ. ಟೊಮೆಟೊಗೆ ಔಷಧಿ ಹೊಡೆದ ಎಚ್‌ಟಿಪಿ ಪಂಪು, ಅದೇ ಪೈಪು, ಅದೇ ಡ್ರಮ್ಮಿನಲ್ಲಿ ಕಾರ್ಪೆಟ್ ತೊಳೆಯಬಾರದು. ಎಷ್ಟು ತೊಳೆದರೂ ರಬ್ಬರಿನ ಪೈಪಿನೊಳಗೆ ಕೀಟನಾಶಕದ ಅಂಶ ಉಳಿದಿರಬಹುದು. ಮಂಟಪದಲ್ಲಿ ಹಾಸುವ ಜಮಖಾನದ ಮೇಲೆ ಎಳೆಮಕ್ಕಳು ಕೆನ್ನೆಯೂರಿ ಮಲಗುತ್ತವೆ.

ಎರಡನೆಯ ಪ್ರಶ್ನೆ ಅಳತೆಯದು. ಕ್ಯಾನಿನ ಮೇಲೆ "ಲೀಟರಿಗೆ 10 ಮಿಲಿ" ಎಂದಿದ್ದರೆ ಅದು ನೂರಕ್ಕೆ ಒಂದು ಪಾಲು. 200 ಲೀಟರಿನ ಡ್ರಮ್ಮಿಗೆ 2 ಲೀಟರ್. ಇಷ್ಟು ಎಲ್ಲರೂ ಲೆಕ್ಕ ಹಾಕಬಲ್ಲರು. ಹರಿಯುವ ನೀರಿಗೆ ಬೆರೆಸುವಾಗ ಕಷ್ಟ. ಅದಕ್ಕೆ ಒಂದು ಬಕೆಟ್ಟು, ಒಂದು ಗಡಿಯಾರ ಸಾಕು. ನಾಜಲ್ಲನ್ನು ಬಕೆಟ್ಟಿಗೆ ಹಿಡಿದು ಒಂದು ನಿಮಿಷ ನೀರು ಬಿಡಿ. 4 ಲೀಟರ್ ಬಂತೆಂದರೆ ನಿಮಿಷಕ್ಕೆ 40 ಮಿಲಿ ಕೆಮಿಕಲ್ ಹೋಗಬೇಕು, ಗಂಟೆಗೆ 2 ಲೀಟರ್ 400 ಮಿಲಿ. ಬಾಟಲಿಗೆ ಗುರುತು ಹಾಕಿಕೊಂಡು ಒಂದು ನಿಮಿಷದಲ್ಲಿ ಎಷ್ಟು ಇಳಿಯಿತು ನೋಡಿ. ಹೆಚ್ಚು ಇಳಿಯುತ್ತಿದ್ದರೆ ಬಾಟಲಿಯಲ್ಲೇ ನೀರು ಬೆರೆಸಿ ತೆಳುವಾಗಿಸಿ. ಈ ಪರೀಕ್ಷೆಗೆ ಐದು ನಿಮಿಷ ಹಿಡಿಯುತ್ತದೆ, ತಿಂಗಳಿಗೊಮ್ಮೆ ಮಾಡಿದರೆ ಸಾಕು.

ಹೆಚ್ಚು ಹಾಕಿದರೆ ಹೆಚ್ಚು ಶುಚಿ ಎಂಬ ನಂಬಿಕೆ ಎಲ್ಲಿಂದ ಬಂತೋ, 2020ರಲ್ಲಿ ಅದು ಗಟ್ಟಿಯಾಯಿತು. ಕೊರೊನಾ ಕಾಲದಲ್ಲಿ ಊರೂರಲ್ಲಿ ಟ್ಯಾಂಕರು, ಅಗ್ನಿಶಾಮಕ ವಾಹನಗಳಿಂದ ಹೈಪೊಕ್ಲೋರೈಟ್ ಸಿಂಪಡಿಸಿದರು. ಜನರ ಮೈಮೇಲೆ ಅದನ್ನು ಸಿಂಪಡಿಸಬಾರದು, ಅದರಿಂದ ಹಾನಿಯಿದೆ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಆ ಏಪ್ರಿಲ್‌ನಲ್ಲೇ ತಿಳಿಸಬೇಕಾಯಿತು. ಮೂಗಿಗೆ ಘಾಟು ಬಡಿದರೆ ಶುದ್ಧವಾಯಿತು ಎಂಬ ಭಾವನೆ ಮಾತ್ರ ನಮ್ಮಲ್ಲಿ ಉಳಿದುಕೊಂಡಿತು. ಕಾರ್ಪೆಟ್ಟಿನ ವಿಷಯದಲ್ಲಿ ನಡೆಯುವುದು ಈ ನಂಬಿಕೆಯ ತಿರುವುಮುರುವು. ಸೋಪಿನ ಅಣುವಿಗೆ ಎರಡು ತುದಿ. ಒಂದು ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು ಹಿಡಿಯುತ್ತದೆ. ನೀರಿನ ಜೊತೆ ಹೊರಗೆ ಹೋದರೆ ಜಿಡ್ಡನ್ನೂ ಒಯ್ಯುತ್ತದೆ. ಹೋಗದೆ ನೂಲಿನಲ್ಲೇ ಒಣಗಿದರೆ ಅಂಟಾಗಿ ಉಳಿದು, ನಮ್ಮ ಕೆಮ್ಮಣ್ಣಿನ ದೂಳನ್ನೆಲ್ಲ ಹಿಡಿದು ಕೂರಿಸಿಕೊಳ್ಳುತ್ತದೆ. "ತೊಳೆಸಿ ಹದಿನೈದು ದಿನ ಆಗಿಲ್ಲ, ಆಗಲೇ ಕಪ್ಪಾಯಿತು" ಎಂದು ಮಂಟಪದವರು ದೂರುತ್ತಾರೆ. ಎಷ್ಟೋ ಸಲ ಅದಕ್ಕೆ ಕಾರಣ ಒಳಗುಳಿದ ಸೋಪು.

ನೊರೆಯದೂ ಒಂದು ಮಾತು. ಕೊಳೆನೀರಿನ ಟ್ಯಾಂಕಿನಲ್ಲಿ ನೊರೆ ಏರಿದರೆ ಟ್ಯಾಂಕು ತುಂಬಿದಾಗ ನಿಲ್ಲಿಸುವ ಫ್ಲೋಟಿಗೆ ಅದು ತಿಳಿಯುವುದಿಲ್ಲ. ನೊರೆ ನೇರ ವ್ಯಾಕ್ಯೂಮ್ ಮೋಟಾರಿಗೆ ನುಗ್ಗಿ ಮೋಟಾರು ಸುಡುತ್ತದೆ. ನೊರೆ ಇಳಿಸುವ ದ್ರವವನ್ನು ಕೊಳೆನೀರಿನ ಟ್ಯಾಂಕಿಗೆ ಹಾಕಬೇಕು, ಒಳ್ಳೆಯ ನೀರಿನ ಟ್ಯಾಂಕಿಗಲ್ಲ.

ಮೂರನೆಯ ಪ್ರಶ್ನೆ ಜಾಲಾಡಿಸುವುದು. ಇದಕ್ಕೆ ಅಳತೆಗೋಲು ನಮ್ಮ ಹೊಲದಲ್ಲೇ ಬೆಳೆಯುತ್ತದೆ. ಬಿಳಿ ಕಾಗದದ ಮೇಲೆ ಅರಿಶಿನವನ್ನು ನೀರಿನಲ್ಲಿ ಕಲಸಿ ತೆಳುವಾಗಿ ಬಳಿದು ನೆರಳಲ್ಲಿ ಒಣಗಿಸಿ ಪಟ್ಟಿಪಟ್ಟಿಯಾಗಿ ಕತ್ತರಿಸಿಟ್ಟುಕೊಳ್ಳಿ. ಶಾಲೆಯ ಮಕ್ಕಳು ವಿಜ್ಞಾನ ಪಾಠದಲ್ಲಿ ಮಾಡುವುದೇ. ತೊಳೆದ ಕಾರ್ಪೆಟ್ಟಿನ ಮೂಲೆಯನ್ನು ಹಿಂಡಿ ನಾಲ್ಕು ಹನಿ ನೀರನ್ನು ಬೊಗಸೆಗಲ್ಲ, ಒಂದು ಲೋಟಕ್ಕೆ ಹಿಡಿದು ಪಟ್ಟಿಯನ್ನು ಅದ್ದಿ. ಕೆಂಪಾದರೆ ಕ್ಷಾರ ಇನ್ನೂ ಒಳಗಿದೆ, ಮತ್ತೆ ಜಾಲಾಡಿಸಬೇಕು. ಹಳದಿಯಾಗಿಯೇ ಉಳಿದರೆ ಕ್ಷಾರದ ಕಾಟ ಮುಗಿಯಿತು. ಕೆಲವು ಬೋರ್‌ವೆಲ್ ನೀರು ತಾನೇ ಸ್ವಲ್ಪ ಕ್ಷಾರವಾಗಿರುತ್ತದೆ. ಹಾಗಾಗಿ ಮೊದಲು ಬರಿಯ ನೀರಿಗೆ ಒಂದು ಪಟ್ಟಿ ಅದ್ದಿ ನೋಡಿಕೊಂಡು ಅದರ ಜೊತೆ ಹೋಲಿಸುವುದು ಒಳ್ಳೆಯದು. ಕೊನೆಯ ಜಾಲಾಟದ ನೀರಿಗೆ ತುಸು ವಿನಿಗರ್ ಸೇರಿಸಿದರೆ ಉಳಿದ ಕ್ಷಾರ ತಣ್ಣಗಾಗುತ್ತದೆ. ಕಾಯಿಸುವ ಸುರುಳಿಯ ಸುಣ್ಣವನ್ನು ಕರಗಿಸಲೂ ವಿನಿಗರ್ ಬೆರೆಸಿದ ನೀರೇ ಸಾಕು, ಆಮೇಲೆ ಒಳ್ಳೆಯ ನೀರು ಹಾಯಿಸಿಬಿಡಬೇಕು.

ಎಲ್ಲ ನೂಲಿಗೂ ಒಂದೇ ಕೆಮಿಕಲ್ ಒಗ್ಗುವುದಿಲ್ಲ. ಹತ್ತಿಯ ಜಮಖಾನ ಕ್ಷಾರವನ್ನು ತಡೆದುಕೊಳ್ಳುತ್ತದೆ, ಆದರೆ ಅದರ ಬಣ್ಣ ಬಿಡಬಹುದು. ಮೂಲೆಯಲ್ಲಿ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿಯೇ ಮುಂದುವರಿಯಬೇಕು. ಮಂಟಪದವರು ಹಾಸುವ ಅಗ್ಗದ ಕೆಂಪು ಹಾಸು ಪ್ಲಾಸ್ಟಿಕ್ ನೂಲಿನದು. ನೀರು, ಕ್ಷಾರ ಅದಕ್ಕೆ ಲೆಕ್ಕವಿಲ್ಲ, ಎಣ್ಣೆ ಮಾತ್ರ ಬಿಡದೆ ಅಂಟುತ್ತದೆ. ಉಣ್ಣೆ ಮತ್ತು ರೇಷ್ಮೆಯ ಮಾತೇ ಬೇರೆ. ಎರಡೂ ಪ್ರಾಣಿಯಿಂದ ಬಂದ ಪ್ರೋಟೀನಿನ ಎಳೆ. ಬಲವಾದ ಕ್ಷಾರ ಇವನ್ನು ಕರಗಿಸುತ್ತದೆ, ಬ್ಲೀಚಿಂಗ್ ತಾಗಿದರೆ ಹಾಳಾಗುತ್ತವೆ. ನಮ್ಮ ಅಜ್ಜಿಯರು ರೇಷ್ಮೆ ಸೀರೆಗೆ ಅಂಟುವಾಳವನ್ನೇ ಬಳಸುತ್ತಿದ್ದುದಕ್ಕೆ ಕಾರಣ ಇಲ್ಲಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ಆಯ್ದು ತರುವ ಅಂಟುವಾಳ, ಸೀಗೆಗಳಲ್ಲಿ ಸಪೋನಿನ್ ಇದೆ. ಅದು ಕ್ಷಾರದ ಉಗ್ರತೆಯಿಲ್ಲದೆ ನೊರೆ ಕೊಟ್ಟು ಜಿಡ್ಡು ಬಿಡಿಸುತ್ತದೆ.

ಕ್ಷಾರ, ಹುಳಿ, ಬ್ಲೀಚಿಂಗ್ ಎಲ್ಲವೂ ಒಂದೇ ಗಾಡಿಯಲ್ಲಿ ಇರುತ್ತವೆ. ಬ್ಲೀಚಿಂಗ್ ದ್ರವಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಕುತ್ತು. ಬ್ಲೀಚಿಂಗ್ ಜೊತೆ ಅಮೋನಿಯಾ ಬೆರೆತರೂ ವಿಷದ ಗಾಳಿಯೇ. ಆಸಿಡ್ ತೆಳುವಾಗಿಸುವಾಗ ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್ಡಿಗೆ ನೀರು ಹಾಕಬಾರದು. ಒಂದು ಕ್ಯಾನಿನಲ್ಲಿದ್ದುದನ್ನು ಇನ್ನೊಂದಕ್ಕೆ ತುಂಬಿ ಹೆಸರು ಬರೆಯದೆ ಇಡುವುದಂತೂ ಕೂಡದು, ಕುಡಿಯುವ ನೀರಿನ ಬಾಟಲಿಗೆ ಖಂಡಿತ ತುಂಬಬಾರದು. ಕಣ್ಣಿಗೆ ಹಾರಿದರೆ ಬೇರೇನೂ ಹಚ್ಚದೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು.

ಆ ದಿನ ಮಂಟಪದಲ್ಲಿ ನನ್ನನ್ನು ಕಾಡಿದ್ದು ಕಾರ್ಪೆಟ್ಟಲ್ಲ, ಆ ಹುಡುಗನ ಕೈ. ಬೆರಳ ತುದಿಯ ಚರ್ಮ ಬಿಳುಪೇರಿ ಸುಲಿದಿತ್ತು. ಕೇಳಿದರೆ, "ಎರಡ್ ದಿನ ಬುಟ್ರೆ ಸರಿ ಆಯ್ತದ ಸಾ" ಎಂದ. ಉಣ್ಣೆಯನ್ನು ಕರಗಿಸುವ ಕ್ಷಾರಕ್ಕೆ ಚರ್ಮ ಬೇರೆಯಲ್ಲ, ಅದೂ ಪ್ರೋಟೀನೇ. ಮೈಯ ಜಿಡ್ಡು ಕ್ಷಾರ ಸೇರಿ ಸೋಪಾಗುವುದರಿಂದಲೇ ಕೈ ಜಾರುಜಾರಾಗುವುದು. ಮೊಣಕೈಯವರೆಗಿನ ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ, ಕಾಲಿಗೆ ಗಮ್‌ಬೂಟು: ಮೂರೂ ಬೇಕೇ ಬೇಕು. ಇದನ್ನು ಕೊಡಿಸುವುದು ಗಾಡಿಯ ಮಾಲೀಕರ ಕೆಲಸ. ಕೊಡಿಸಿದ್ದಾರೆಯೇ ಎಂದು ಕೇಳುವುದು ಕೆಲಸ ಕೊಡುವ ನಮ್ಮೆಲ್ಲರ ಕೆಲಸ.

ಕೊಳೆನೀರು ಎಲ್ಲಿಗೆ ಹೋಗುತ್ತದೆ ಎಂದೂ ಕೇಳಬೇಕು. ಐನೂರು ಲೀಟರ್ ಸೋಪು, ಜಿಡ್ಡು, ದೂಳಿನ ನೀರನ್ನು ರಸ್ತೆಬದಿಯ ಚರಂಡಿಗೆ ಬಿಟ್ಟರೆ ಅದು ಮಳೆಯ ದಾರಿ ಹಿಡಿದು ಕೆರೆ ಸೇರುತ್ತದೆ. ಬೇಸಿಗೆಯಲ್ಲಿ ಆನೆ, ಜಿಂಕೆಗಳೂ ಕಾಡಂಚಿನ ಕೆರೆಗೆ ಇಳಿಯುವ ಊರು ನಮ್ಮದು. ಮಂಟಪದ ಶೌಚಾಲಯದ ಗುಂಡಿಗೋ ಒಳಚರಂಡಿಗೋ ಬಿಡುವ ವ್ಯವಸ್ಥೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಕೆಮಿಕಲ್ ಅಳತೆಯಲ್ಲಿದ್ದರೆ ಹೊರಗೆ ಬಿಡುವ ವಿಷವೂ ಅಳತೆಯಲ್ಲಿರುತ್ತದೆ.

ಆ ಸಂಜೆ ಮಾಲೀಕರು ಟ್ಯಾಂಕು ಖಾಲಿ ಮಾಡಿಸಿ ಬರಿಯ ನೀರು ತುಂಬಿಸಲು ಒಪ್ಪಿದರು. ಅಡುಗೆಮನೆಯಿಂದ ಒಂದು ಬಟ್ಟಲು ವಿನಿಗರ್ ಬಂತು. ನೀರಿನಲ್ಲಿ ಬೆರೆಸಿ ಕಲೆಯ ಮೇಲೆ ಹಾಕಿದಾಗ ಕೆಂಪು ಇಳಿದು ಮತ್ತೆ ಹಳದಿಯಾಯಿತು. ಎರಡು ಸಲ ಜಾಲಾಡಿಸಿ, ಹೀರಿಸಿ, ಕಾರ್ಪೆಟ್ಟನ್ನು ಕಾಂಪೌಂಡಿನ ಗೋಡೆಯ ಮೇಲೆ ಹರವಿದರು. ಉಳಿದ ಹಳದಿಗೆ ಮದ್ದು ಬಿಸಿಲು, ಕರ್ಕ್ಯುಮಿನ್ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ. ಅರಿಶಿನ ಹತ್ತಿದ ಬಿಳಿ ಪಂಚೆಯನ್ನು ಹೆಂಗಸರು ಬಿಸಿಲಿಗೆ ಹಾಕುವುದು ಸುಮ್ಮನಲ್ಲ. ಅರಿಶಿನದ ಕಾಗದದ ಪರೀಕ್ಷೆಯ ವಿಷಯ ಅವರಿಗೆ ಹೇಳಿದ್ದೆ. ಹೊರಡುವಾಗ ಹುಡುಗ ಕೇಳಿದ: "ಆ ಅರಿಶಿಣದ್ ಕಾಗ್ದ ಹೆಂಗ್ ಮಾಡದು ಸಾ?" ಹೇಳಿಕೊಟ್ಟೆ. ಹಳೆಯ ಲಗ್ನಪತ್ರಿಕೆಯೊಂದರ ಬಿಳಿ ಹಿಂಬದಿಯನ್ನು ನೋಡಿ ಅವನು ಅದನ್ನು ಮಡಚಿ ಜೇಬಿಗಿಟ್ಟುಕೊಂಡ.